ಅಣ್ಣ ಬಿಚ್ಚಿದ ಗಂಟು

ಭೀಮಾ ನದಿಯ ದಂಡೆಯ ನಮ್ಮೂರಿನಲ್ಲಿ ಯಾರಾದರೂ ಮುಳುಗಿ ಸತ್ತರೆ ಹೆಣ ತೆಗೆಯಲು ನನ್ನ ಅಣ್ಣನನ್ನೇ ಕರೆಯುತ್ತಿದ್ದರು. ಅಪ್ಪನೂ ಅದೇ ಕೆಲಸ ಮಾಡಿದ್ದ. ನೀರಿಗಿಳಿಯುವ ಮೊದಲು ಊರವರೇ ಅಣ್ಣನಿಗೆ ಸಾರಾಯಿ ಕುಡಿಸುತ್ತಿದ್ದರು. ಹೆಣ ಮುಟ್ಟುವವನಿಗೆ ಧೈರ್ಯ ಬೇಕಲ್ಲ. ಮರುದಿನ ಎಂದಿನಂತೆ ಬಲೆ ಹಿಡಿದು ಮೀನಿಗೆ ಹೊರಡುತ್ತಿದ್ದ.

ಒಂದು ಮಳೆಗಾಲದಲ್ಲಿ ಒಬ್ಬ ತಾಯಿ ಮಗಳನ್ನು ಮೈಗೆ ಕಟ್ಟಿಕೊಂಡು ಹೊಳೆಗೆ ಬಿದ್ದಳು. ಇಬ್ಬರ ಹೆಣವನ್ನೂ ಅಣ್ಣನೇ ಮೇಲೆ ತಂದ. ಅಂದಿನಿಂದ ಬೆಳಗ್ಗೆಯೇ ಕುಡಿಯತೊಡಗಿದ. ಅವನ ಮಗಳು ಆಗಿನ್ನೂ ಚಿಕ್ಕವಳು. ಅವಳು ತನ್ನ ಅವ್ವನ, ಅಂದರೆ ನಮ್ಮ ವೈನಿಯ, ಸೆರಗು ಹಿಡಿದು ನಿಂತರೆ ಸಾಕು, ಅಣ್ಣ ಚೀರಾಡಿ ತಾಟು ಎಸೆಯುತ್ತಿದ್ದ. ಯಾಕೆಂದು ನಮಗೆ ತಿಳಿಯಲಿಲ್ಲ. ತಾಳುವಷ್ಟು ತಾಳಿ ವೈನಿ ಮಗಳನ್ನು ಕರೆದುಕೊಂಡು ಸೇಡಂನ ತವರಿಗೆ ಹೋದಳು.

ಅಣ್ಣನನ್ನು ವಾಡಿಯ ನನ್ನ ಮನೆಗೆ ಕರೆತಂದೆ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ, ಕುಡಿತ ಬಿಡಲಿ, ಉಳಿದದ್ದು ಆಮೇಲೆ ಎಂದರು. ಬಿಟ್ಟೊಡನೆ ಆ ಹೊಳೆ ಕನಸಿನಲ್ಲಿ ಬರುತ್ತಿತ್ತು, ಮತ್ತೆ ಕುಡಿಯುತ್ತಿದ್ದ. ಕೊನೆಗೆ ಕಲಬುರಗಿಯಲ್ಲಿ ಒಬ್ಬ ಆಪ್ತಸಮಾಲೋಚಕಿ ಸಿಕ್ಕರು. ಕುಡಿತ ಬಿಟ್ಟಾಗಿನ ಕೈನಡುಕಕ್ಕೆ ಅಲ್ಲಿನ ಡಾಕ್ಟರು ಮಾತ್ರೆ ಕೊಟ್ಟರು, ಈಕೆ ಮಾತಿಗೆ ಕೂರಿಸಿದರು.

“ಕುಡಿಯೋದು, ಆ ನೆನಪು, ಎರಡೂ ಬ್ಯಾರೆ ಬ್ಯಾರೆ ಇಲ್ರಿ. ಕೂಡೇ ಮಾತಾಡೋಣು,” ಎಂದರು.

ವಾರಕ್ಕೊಮ್ಮೆ ರೈಲಿನಲ್ಲಿ ಹೋಗುತ್ತಿದ್ದೆವು. ಕುಡಿಯಬೇಕು ಅನ್ನಿಸುವ ಮುಂಚೆ ಕಣ್ಣಿಗೆ ಏನು ಬರುತ್ತದೆ ಎಂದು ಅವರು ಕೇಳುತ್ತಿದ್ದರು. ಅಣ್ಣ ಮಳೆ, ಮೀನು ಎಂದು ಏನೇನೋ ಹೇಳುತ್ತಿದ್ದ. ಒಂದು ದಿನ ನನ್ನನ್ನೂ ಒಳಗೆ ಕರೆಸಿದ. ನೆಲ ನೋಡುತ್ತಾ ಹೇಳಿದ:

“ಕೂಸು ಅವ್ವನ ಕುತ್ತಿಗಿಗೆ ತೆಕ್ಕಿ ಬಿದ್ದಿತ್ತು. ಸೀರಿ ಗಂಟು ಬಿಚ್ಚಿ, ಕೈ ಬಿಡಿಸಿ, ಒಬ್ಬೊಬ್ಬರನ್ನ ತಂದೆ. ಅವ್ವ-ಮಗಳನ್ನ ನಾನೇ ಅಗಲಿಸಿದೆ.”

ಸೆರಗು ಹಿಡಿದ ಮಗಳನ್ನು ಕಂಡು ಅವನು ಯಾಕೆ ಚೀರುತ್ತಿದ್ದನೆಂದು ನನಗೆ ಅಂದು ಅರ್ಥವಾಯಿತು. ಆಕೆ ಅದನ್ನು ಅವನಿಂದ ಮತ್ತೆ ಮತ್ತೆ ಹೇಳಿಸಿದರು. ಸೆಳವು ಜೋರಿತ್ತು, ಇಬ್ಬರನ್ನೂ ಒಟ್ಟಿಗೆ ಎತ್ತಲು ಯಾರಿಂದಲೂ ಆಗುತ್ತಿರಲಿಲ್ಲ ಎಂಬ ಮಾತು ಅವನ ಬಾಯಿಂದಲೇ ಬರಲು ತಿಂಗಳುಗಳು ಹಿಡಿದವು. ಆ ಹೊತ್ತಿಗೆ ಕುಡಿತ ನಿಂತಿತ್ತು.

ಆಮೇಲೆ ಸೇಡಂಗೆ ಹೋದೆವು. ವೈನಿ ಚಹಾ ಕೊಟ್ಟಳು. ಬಾಗಿಲ ಹಿಂದಿನಿಂದ ಅಪ್ಪನನ್ನೇ ಬೆರಳು ಮಾಡಿ ತೋರಿಸುತ್ತ ಮಗಳು ಮೆಲ್ಲಗೆ ಕೇಳಿದಳು: “ಅವ್ವಾ, ಆ ಕಾಕಾ ಯಾವಾಗ ಹೋಗ್ತಾನ?”

ಅಣ್ಣ ಚಹಾದ ಕಪ್ಪು ಕೆಳಗಿಟ್ಟ. ವೈನಿ ಮಗಳನ್ನು ಗದರಲಿಲ್ಲ. “ನೀವು ಸುಧಾರಿಸೀರಿ, ನನಗ ಸಂತೋಷ ಅದ. ಆದ್ರ ನಿಮ್ಮ ದನಿ ಕೇಳಿದ್ರ ಆಕಿ ಇನ್ನಾ ಅಂಜ್ತಾಳ್ರಿ,” ಎಂದಳು.

ಹಿಂದಿರುಗುವಾಗ ಚಿತ್ತಾಪುರದಲ್ಲಿ ಬಸ್ಸಿನಿಂದ ಇಳಿದ ಅಣ್ಣ ಮತ್ತೆ ಹತ್ತಲಿಲ್ಲ. ಮರುದಿನ ಕುಡಿದು ಬಂದ. ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಆ ವಾರ ಕಲಬುರಗಿಗೆ ಹೊರಡೋಣ ಎಂದವನು ಅವನೇ.

ಆಕೆ ಬೈಯಲಿಲ್ಲ. ಕುಡಿಯುವ ಮುಂಚೆ ಏನು ಕಂಡಿತು ಎಂದು ಎಂದಿನಂತೆ ಕೇಳಿದರು. ಈ ಸಲ ಹೊಳೆ ಬರಲಿಲ್ಲ, ನನ್ನ ಮಗಳು ಬಂದಳು ಎಂದು ಅಣ್ಣ ಅತ್ತ.

ಅಲ್ಲಿಂದೀಚೆಗೆ ಅವನು ಕುಡಿದಿಲ್ಲ. ನಿದ್ದೆಯೂ ಬರುತ್ತದಂತೆ. ಮಗಳು ಕರೆದರೆ ಸೇಡಂಗೆ ಹೋಗುತ್ತೇನೆ ಅನ್ನುತ್ತಾನೆ. ಅವಳು ಇನ್ನೂ ಕರೆದಿಲ್ಲ.