ಉಗುರಿಗೆ ಜಗ್ಗದ ತೊಗಲು

ಇಟಲಿಯ ಅಲ್ತಮೂರದಲ್ಲಿ ಚೆಸಿರಾಳ ಮನೆ ಕೇಳಿದರೆ, "ಯಾರು, ಸೋಫಾ ಹೊಲಿಯೋಳಾ?" ಅನ್ನುತ್ತಿದ್ದರು. ಮದುವೆಗೆ ಮುಂಚೆ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕೂತವಳು ತಲೆ ನರೆತ ಮೇಲೆ ಎದ್ದಳು. ಅವಳ ಕೈ ದಾಟಿದ ತೊಗಲಿನ ಸೋಫಾಗಳು ಹಡಗು ಹತ್ತಿ ಅವಳು ಕಂಡರಿಯದ ಊರುಗಳಿಗೆ ಹೋದವು. ಮನೆಯಲ್ಲಿದ್ದದ್ದು ಮಾತ್ರ ಅತ್ತೆ ಕೊಟ್ಟ ಬಟ್ಟೆಯ ಸೋಫಾ. ಅದರ ನಡುವೆ ಗುಳಿ ಬಿದ್ದಿತ್ತು. ಆ ಗುಳಿಯಲ್ಲಿ ಗಂಡ ಒರೊಂಜೊ, ಅವನ ಎರಡು ಬದಿಗೆ ಎರಡು ನಾಯಿ.

ನಾಯಿಗಳು ಕಲ್ಲುಗಣಿಯಿಂದ ಬಂದವು. ಒರೊಂಜೊ ಅಲ್ಲಿ ಕಲ್ಲು ಕೊಯ್ಯುತ್ತಿದ್ದ. ಕೆಲಸ ಬಿಟ್ಟ ದಿನ, ಗಣಿಯ ಬಾಗಿಲಲ್ಲಿ ಬಿದ್ದಿರುತ್ತಿದ್ದ ಮೊರೆಟ್ಟಾ ಎಂಬ ಕರಿನಾಯಿಯನ್ನೂ ಅದರ ಮರಿಯನ್ನೂ ಕರೆದುಕೊಂಡು ಬಂದ. ಮರಿ ಹಿಡಿಯಷ್ಟಿತ್ತು, ಬ್ರಿಚೊಲಾ, ಅಂದರೆ ರೊಟ್ಟಿಯ ಚೂರು, ಅಂತ ಹೆಸರಿಟ್ಟ.

"ನಿನ್ನದೊಂದು ಹೊಟ್ಟೆ ಸಾಲದು ಅಂತ ಇನ್ನೆರಡು ತಂದ್ಯಾ?" ಅಂತ ಚೆಸಿರಾ ಬೈದಳು. ಬೈಯುತ್ತಲೇ ಅವುಗಳಿಗೆ ಬಟ್ಟಲು ತೊಳೆದಿಟ್ಟಳು.

ಗಣಿ ಬಿಟ್ಟರೂ ಕಲ್ಲಿನ ಧೂಳು ಒರೊಂಜೊನ ಎದೆಯನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೆ ಮಲಗಿದರೆ ಉಸಿರು ಸಿಗದು, ಕೂತೇ ನಿದ್ದೆ ಮಾಡಬೇಕು. ಡಾಕ್ಟರಮ್ಮ ಮನೆಗೇ ಬಂದು ನೋಡಿದರು. ಸೋಫಾದ ಬಟ್ಟೆಯನ್ನು ಅಂಗೈಯಿಂದ ತಟ್ಟಿದರು. ನಾಯಿಯ ಕೂದಲು ಹೊಗೆಯ ಹಾಗೆ ಎದ್ದಿತು.

"ನಾಯಿಗಳನ್ನಾದರೂ ಕಳಿಸಿ, ಇದನ್ನಾದರೂ ಕಳಿಸಿ," ಅಂದರು.

"ನಾನು ಬಂದರೆ ಸೋಫಾ ಬಾಲ ಆಡಿಸುತ್ತಾ? ಅದೇ ಹೋಗಲಿ," ಅಂದ ಒರೊಂಜೊ.

ಹೊರಡುವಾಗ ಡಾಕ್ಟರಮ್ಮ ಬಾಗಿಲಲ್ಲಿ ಚೆಸಿರಾಳ ಕೈ ಹಿಡಿದು, "ಈ ಬೇಸಿಗೆ ಚೆನ್ನಾಗಿ ನೋಡ್ಕೊಳ್ಳಿ," ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಚೆಸಿರಾ ಕೇಳಲೂ ಇಲ್ಲ.

ಹಳೆಯ ಸೋಫಾವನ್ನು ಪುರಸಭೆಯ ಲಾರಿ ಒಯ್ದಿತು. ಒರೊಂಜೊ ಅಡುಗೆಮನೆಯ ಹುಲ್ಲು ಹೆಣೆದ ಕುರ್ಚಿಗೆ ದಿಂಬು ಇಟ್ಟುಕೊಂಡು ಕೂತ. ತೊಗಲಿನ ಸೋಫಾ ಆದರೆ ಕೂದಲು ಹಿಡಿಯದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಸಾವಿರದ ಐನೂರು ಯೂರೊ ಮೀರಬಾರದು ಅಂತ ಇಬ್ಬರೂ ಮಾತಾಡಿಕೊಂಡು, ಜುಲೈ ತಿಂಗಳ ಕೊನೆಗೆ ರೊಕ್ಕೊನ ಅಂಗಡಿಗೆ ಹೋದರು. ರೊಕ್ಕೊನ ತಾಯಿ ಕಾರ್ಖಾನೆಯಲ್ಲಿ ಚೆಸಿರಾಳ ಪಕ್ಕದ ಯಂತ್ರದಲ್ಲಿದ್ದವಳು.

ಬಾಗಿಲ ಬಳಿಯೇ ಒಂದು ಜೇನುಬಣ್ಣದ ಸೋಫಾ ಇತ್ತು. ಮಗುವಿನ ಕೆನ್ನೆಯಂಥ ಮೆತ್ತನೆಯ ತೊಗಲು. ಒರೊಂಜೊ ಕೂತ, ಒರಗಿದ, ಕಣ್ಣು ಮುಚ್ಚಿದ. ಅವನ ಎದೆಯ ಸಿಳ್ಳು ಸ್ವಲ್ಪ ತಗ್ಗಿತು.

"ಇದೇ ಸಾಕು," ಅಂದ.

"ಅಂಗಡೀಲಿ ನೋಡೋಕೆ ಇಟ್ಟಿದ್ದು ಚಿಕ್ಕಪ್ಪ. ಸಾವಿರದ ಮುನ್ನೂರಕ್ಕೆ ಕೊಡ್ತೀನಿ. ಸಂಜೆಯೊಳಗೆ ನಿಮ್ಮನೇಲಿರುತ್ತೆ," ಅಂದ ರೊಕ್ಕೊ.

ಚೆಸಿರಾ ಬಗ್ಗಿ, ಕಾಣದ ಕಡೆ ಉಗುರಿನಿಂದ ಮೆಲ್ಲಗೆ ಗೀರಿದಳು. ಬಿಳಿಯ ಗೆರೆ ಮೂಡಿತು.

"ಇದರ ಮೇಲೆ ಕಾಪಾಡೋ ಪದರವೇ ಇಲ್ಲ. ನಾಯಿ ಹತ್ತಿ ಇಳಿದರೆ ವರ್ಷದೊಳಗೆ ಜರಡಿ ಆಗುತ್ತೆ. ದಪ್ಪ ತೊಗಲಿಂದು ತೋರಿಸು."

"ವರ್ಷ ಬಂದ್ರೆ ನಂಗೆ ಬೇಕಾದಷ್ಟಾಯ್ತು, ಮಾರಾಯ್ತಿ," ಅಂದ ಒರೊಂಜೊ.

ರೊಕ್ಕೊ ನೆಲ ನೋಡಿದ. ಚೆಸಿರಾ ಕೇಳಿಸದವಳ ಹಾಗೆ ಮೇಜಿನ ಮೇಲಿನ ತೊಗಲಿನ ತುಂಡುಗಳನ್ನು ತಿರುವಿದಳು. ಕೊನೆಗೆ ಒಂದು ಕಂದು ತುಂಡು ಅವಳಿಗೆ ಹಿಡಿಸಿತು. ಎಷ್ಟು ಗೀರಿದರೂ ಅದು ಹಾಗೇ ಇತ್ತು.

"ಅದು ಎರಡು ಸಾವಿರದ ನೂರು. ಹೇಳಿ ಮಾಡಿಸ್ಬೇಕು. ಆಗಸ್ಟಲ್ಲಿ ಬೇಸಿಗೆ ರಜೆಗೆ ಕಾರ್ಖಾನೆ ಮುಚ್ಚುತ್ತೆ, ನಿಮಗೆ ಗೊತ್ತಲ್ಲ ಚಿಕ್ಕಮ್ಮ. ಸೆಪ್ಟೆಂಬರ್ ಆಗುತ್ತೆ."

"ಗೊತ್ತು. ಆಗಲಿ."

"ಮೇಲಿನ ಆರುನೂರು ಎಲ್ಲಿಂದ ತರ್ತೀಯ?" ಅಂದ ಒರೊಂಜೊ.

"ಗೂಡಿನ ದುಡ್ಡಿದೆ."

ಸ್ಮಶಾನದ ಗೋಡೆಯಲ್ಲಿ, ಶವಪೆಟ್ಟಿಗೆ ಇಡುವ ಗೂಡುಗಳನ್ನು ಇಬ್ಬರಿಗೂ ಅಕ್ಕಪಕ್ಕ ಕೊಳ್ಳಲು ಕೂಡಿಟ್ಟ ದುಡ್ಡು ಅದು. ಊರಲ್ಲಿ ಎಲ್ಲರೂ ಬದುಕಿರುವಾಗಲೇ ಕೊಳ್ಳುತ್ತಾರೆ.

"ಗೂಡಿಗೇನು ಅವಸರ? ಈ ಸೋಫಾ ಹದಿನೈದು ವರ್ಷ ಬರುತ್ತೆ," ಅಂದಳು ಚೆಸಿರಾ.

"ಅಷ್ಟು ವರ್ಷ ನನ್ನನ್ನ ಸಹಿಸ್ಕೊಳ್ತೀಯಾ?"

"ಇಷ್ಟು ದಿನ ಸಹಿಸಿಲ್ವಾ?"

ಒರೊಂಜೊ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಜೇನುಬಣ್ಣದ ಸೋಫಾದಿಂದ ಅವನನ್ನು ಎಬ್ಬಿಸಲು ರೊಕ್ಕೊ ಕೈ ಕೊಡಬೇಕಾಯಿತು.

ಚೆಸಿರಾಗೆ ತೊಗಲೂ ಗೊತ್ತಿತ್ತು, ಆಗಸ್ಟೂ ಗೊತ್ತಿತ್ತು. ಆದರೆ ಮೆತ್ತನೆಯ ಸೋಫಾ ಕೊಂಡರೆ, ಒಂದು ವರ್ಷ ಸಾಕು ಅನ್ನುವ ಮಾತಿಗೆ ತಾನೂ ಹೂಂಗುಟ್ಟಿದಂತೆ. ಅದೊಂದು ಅವಳಿಂದ ಆಗಲಿಲ್ಲ.

ಆಗಸ್ಟಿನಲ್ಲಿ ಓಣಿಗೆ ಓಣಿಯೇ ಕದ ಹಾಕಿಕೊಂಡು ಸಮುದ್ರದ ಕಡೆ ಹೋಯಿತು. ಒರೊಂಜೊ ಕುರ್ಚಿಯಲ್ಲೇ ಹಗಲು ಕಳೆದ, ಕುರ್ಚಿಯಲ್ಲೇ ಇರುಳು ಕಳೆದ. ಪಕ್ಕದಲ್ಲಿ ಜಾಗವಿಲ್ಲದೆ ನಾಯಿಗಳು ಅವನ ಪಾದದ ಮೇಲೆ ಗದ್ದ ಊರಿ ಮಲಗುತ್ತಿದ್ದವು. ಬಗ್ಗಿ ಸವರಲು ಅವನಿಗೆ ಉಸಿರು ಸಾಲದು. ಕಾಲಿನ ಬೆರಳಿನಿಂದಲೇ ಮೊರೆಟ್ಟಾಳ ಕಿವಿ ತುರಿಸುತ್ತಿದ್ದ. ಹುಲ್ಲಿನ ಹೆಣಿಗೆ ಅವನ ತೊಡೆಗೆ ಅಚ್ಚು ಒತ್ತುತ್ತಿತ್ತು. ಚೆಸಿರಾ ಅದಕ್ಕೆ ಎಣ್ಣೆ ಸವರುತ್ತ, "ಸೆಪ್ಟೆಂಬರ್ ಬರ್ಲಿ," ಅನ್ನುತ್ತಿದ್ದಳು.

"ಬೇಗ ಬರೋಕೆ ಹೇಳು ಅದಕ್ಕೆ," ಅನ್ನುತ್ತಿದ್ದ ಅವನು.

ಒಂದು ದಿನ ಅವನ ತುಟಿ ನೀಲಿಗಟ್ಟಿದ್ದು ನೋಡಿ ಚೆಸಿರಾ ಹಿತ್ತಿಲಿಗೆ ಹೋಗಿ ರೊಕ್ಕೊಗೆ ಫೋನು ಮಾಡಿದಳು.

"ಆ ಜೇನುಬಣ್ಣದ್ದು ಇದೆಯೇನಪ್ಪಾ? ಅದನ್ನೂ ತಗೊಳ್ತೀನಿ. ಇವತ್ತೇ ಕಳಿಸು."

"ಅಯ್ಯೋ ಚಿಕ್ಕಮ್ಮ, ನೀವು ಹೋದ ಮರುದಿನವೇ ಮಾರಿಹೋಯ್ತಲ್ಲ."

ಆಗಸ್ಟ್ ನಡುವಿನ ಮೇರಿಮಾತೆಯ ಹಬ್ಬ ಮುಗಿದ ವಾರದಲ್ಲಿ ಒಂದು ದಿನ, ಚೆಸಿರಾ ಬೆಳಗಿನ ಕಾಫಿ ತಂದಾಗ ಒರೊಂಜೊನ ತಲೆ ದಿಂಬಿನಿಂದ ಜಾರಿತ್ತು. ನಾಯಿಗಳು ಅವನ ಪಾದ ಬಿಟ್ಟು ಕದಲಿರಲಿಲ್ಲ. ಅವನ ತಂಗಿ ವಿಂಚೆನ್ಸಾ ತನಗೆಂದು ಕೊಂಡಿದ್ದ ಗೂಡಿನಲ್ಲಿ ಅವನನ್ನು ಇಟ್ಟರು.

"ನಂಗೇನು ಅವಸರ ಅತ್ತಿಗೆ, ಅಣ್ಣ ಇರಲಿ ಬಿಡು," ಅಂದಳು ಅವಳು. ಆ ಮಾತು ಕೇಳಿ ಚೆಸಿರಾ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಸೆಪ್ಟೆಂಬರಿನಲ್ಲಿ ಸೋಫಾ ಬಂತು. ರೊಕ್ಕೊ ತಾನೇ ಬಂದಿದ್ದ.

"ಬೇಡ ಅಂದ್ರೆ ವಾಪಸ್ ಒಯ್ತೀನಿ ಚಿಕ್ಕಮ್ಮ. ದುಡ್ಡು ಕೊಟ್ಬಿಡ್ತೀನಿ."

"ಒಳಗೆ ತಾ. ಸೋಫಾ ಬರುತ್ತೆ ಅಂತ ನಾಯಿಗಳಿಗೂ ಹೇಳಿದ್ದ ಅವನು."

ಇಳಿಸಿದ್ದೇ ತಡ, ಬ್ರಿಚೊಲಾ ನಾಲ್ಕು ಕಾಲಲ್ಲಿ ಮೇಲೆ ಹಾರಿ, ಗರಗರ ಕೆರೆದು, ಸುತ್ತು ಹಾಕಿ ಮಲಗಿತು. ಮೊರೆಟ್ಟಾ ಹತ್ತಲಿಲ್ಲ, ಅಡುಗೆಮನೆಯ ಬಾಗಿಲಿನಿಂದಲೇ ನೋಡಿತು. ಚೆಸಿರಾ ಬಗ್ಗಿ, ಬ್ರಿಚೊಲಾಳ ಉಗುರು ಊರಿದ ಜಾಗವನ್ನು ಬೆಳಕಿಗೆ ನೋಡಿದಳು. ಒಂದು ಗೆರೆಯೂ ಇರಲಿಲ್ಲ.

"ಒಳ್ಳೇ ತೊಗಲು ಆರಿಸಿದ್ರಿ," ಅಂದ ರೊಕ್ಕೊ, ಬೇರೇನು ಹೇಳಬೇಕೋ ತಿಳಿಯದೆ.

"ಹೂಂ. ಬಹಳ ಬಾಳಿಕೆ ಬರುತ್ತೆ."

ಅವನು ಹೋದ ಮೇಲೂ ಅವಳು ಕೂರಲಿಲ್ಲ. ನಡುವಿನ ಜಾಗದಲ್ಲಿ ಅಂಗೈ ಊರಿ, ತಣ್ಣನೆಯ ತೊಗಲು ಬೆಚ್ಚಗಾಗುವ ತನಕ ನಿಂತೇ ಇದ್ದಳು.