ಯಾರಿಗೂ ಕಾಣದ ನನ್ನ ದುಡ್ಡು

ನೋಟು ರದ್ದಾದ ಮರುದಿನ ಬೆಳಿಗ್ಗೆ ಅವ್ವ ಹೊಲಿಗೆ ಮೆಷಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಮರದ ಡ್ರಾಯರನ್ನು ಪೂರ್ತಿ ಹೊರಗೆ ಎಳೆದಳು. ಡ್ರಾಯರಿನ ಹಿಂದಿನ ಸಂದಿಯಲ್ಲಿ ಹಳೆಯ ಪರಕಾರದ ಬಟ್ಟೆಯಲ್ಲಿ ಹೊಲಿದ ಒಂದು ಚೀಲ ಇತ್ತು. ಆ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಚೀಲದಿಂದ ಐನೂರರ ನೋಟುಗಳು ಬಂದವು, ಇಸ್ತ್ರಿ ಮಾಡಿದಷ್ಟು ಚಪ್ಪಟೆಯಾಗಿ.

ಅಪ್ಪ ರೈಲ್ವೆಯಲ್ಲಿದ್ದರು. ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವ್ವ ಓಣಿಯ ಹೆಂಗಸರಿಗೆ ಜಂಪರ್ ಹೊಲಿದುಕೊಡುತ್ತಿದ್ದಳು. ಆ ದುಡ್ಡು ಕಾಯಿಪಲ್ಲೆಗೆ, ಹಾಲಿಗೆ ಹೋಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು.

“ಇಷ್ಟು ರೊಕ್ಕ ಎಲ್ಲಿಂದ ಬಂತು?” ಎಂದರು ಅಪ್ಪ.

“ಜಂಪರ್ ಹೊಲಿದದ್ದು.”

“ನನಗ ಹೇಳಬಾರದಿತ್ತೇನು?”

“ಹೇಳಿದ್ರ ಉಳೀತಿತ್ತೇನ್ರಿ?”

ಅಪ್ಪ ಸಿಟ್ಟಾಗಲಿಲ್ಲ, ನಕ್ಕರು. ಈಗ ನೆನೆದರೆ ಆ ನಗು ನನಗೆ ಸಿಟ್ಟಿಗಿಂತ ಕೆಟ್ಟದಾಗಿ ಕಾಣುತ್ತದೆ. ಅವ್ವನ ಹೆಸರಿನಲ್ಲಿ ಖಾತೆ ಇರಲಿಲ್ಲ. ಅಪ್ಪ ಎರಡು ದಿನ ಸಾಲಿನಲ್ಲಿ ನಿಂತು ಆ ನೋಟುಗಳನ್ನು ತಮ್ಮ ಖಾತೆಗೆ ಕಟ್ಟಿದರು. ಮುಂದಿನ ಬೇಸಿಗೆಯಲ್ಲಿ ಅದು ನನ್ನ ಅಣ್ಣನ ಮೋಟರ್ ಸೈಕಲ್ ಆಯಿತು. ಯಾರೂ ಅದನ್ನು ಕಳವು ಅನ್ನಲಿಲ್ಲ, ಅವ್ವನೂ ಅನ್ನಲಿಲ್ಲ. ಹೊಲಿಯುವುದನ್ನು ಮಾತ್ರ ನಿಲ್ಲಿಸಿದಳು. ಕೇಳಿದವರಿಗೆ ಕಣ್ಣು ಮಂಜಾಗಿದೆ ಎಂದಳು.

ನಾನಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಯಾರೋ ಟಿವಿಯಲ್ಲಿ ಬಂದು ಒಂದು ಮಾತು ಹೇಳಿದರೆ ಸತ್ತುಹೋಗುವಂಥ ದುಡ್ಡು ನನಗೆ ಬೇಡ ಎಂದು ಅಂದೇ ತೀರ್ಮಾನಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳು. ಅಂದು ನಾನು ಅವ್ವನ ಮೇಲೇ ಸಿಟ್ಟಾಗಿದ್ದೆ. ನನ್ನ ಕಾಲೇಜಿನ ಫೀಸಿಗೆ ಅಪ್ಪ ಪರದಾಡಿದಾಗ ಆ ಚೀಲ ಅಲ್ಲೇ ಇತ್ತಲ್ಲ ಎಂದು.

ಮದುವೆಯಾದ ಮೇಲೂ ನಾನು ಮಲ್ಕಾಜ್‌ಗಿರಿ ಬಿಡಲಿಲ್ಲ, ರೈಲು ಹಳಿಯ ಆಚೆ ಬದಿಗೆ ಹೋದೆ ಅಷ್ಟೆ. ಗಂಡ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷೆ ಮಾಡುವವರು. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ದನಿ ಎತ್ತುವುದಿಲ್ಲ. ನಾನು ಮನೆಯಲ್ಲಿ ಕೂತು ಒಂದು ಹೊರದೇಶದ ಕಂಪನಿಗೆ ಕನ್ನಡದ ಧ್ವನಿಮುದ್ರಣಗಳನ್ನು ಕೇಳಿ ಟೈಪು ಮಾಡಿಕೊಡುತ್ತಿದ್ದೆ. ಸಂಬಳ ನಮ್ಮಿಬ್ಬರ ಜಂಟಿ ಖಾತೆಗೆ ಬರುತ್ತಿತ್ತು. ಖಾತೆಯ ಮೆಸೇಜು ಅವರ ಫೋನಿಗೆ ಹೋಗುತ್ತಿತ್ತು.

“ಸುಲ್ತಾನ್ ಬಜಾರ್‌ನಾಗ ಏನ್ ತಗೊಂಡಿ?” ಊಟಕ್ಕೆ ಕೂತಾಗ ಕೇಳುತ್ತಿದ್ದರು.

“ಎರಡು ನೈಟಿ.”

“ಹೌದಾ? ಚಲೋ ಆತು.”

ಅಷ್ಟೇ. ಬೇಡ ಎಂದು ಒಮ್ಮೆಯೂ ಅನ್ನಲಿಲ್ಲ. ಆದರೆ ನಾಲ್ಕು ವರ್ಷ, ನಾನು ಕೊಂಡ ಪ್ರತಿ ಪಿನ್ನು, ಪ್ರತಿ ಸಮೋಸ, ಪ್ರತಿ ಆಟೋ ಅವರ ತಟ್ಟೆಯ ಪಕ್ಕದ ಫೋನಿನಲ್ಲಿ ಹೊಳೆಯುತ್ತಿತ್ತು. ಒಂದು ದಿನ ತಾರ್ನಾಕದಲ್ಲಿ ಒಬ್ಬಳೇ ಕೂತು ಐಸ್‌ಕ್ರೀಂ ತಿಂದೆ. ಸಂಜೆ ಅವರು, “ಐಸ್‌ಕ್ರೀಂ ಹ್ಯಾಂಗಿತ್ತು?” ಎಂದು ಪ್ರೀತಿಯಿಂದಲೇ ಕೇಳಿದರು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಯಾಕೆ ಅಳುತ್ತಿದ್ದೇನೆ ಎಂದು ನನಗೇ ವಿವರಿಸಲು ಆಗಲಿಲ್ಲ.

ಆ ದಿನ ತಾರ್ನಾಕಕ್ಕೆ ಹೋದದ್ದು ಒಬ್ಬ ಗೆಳತಿಯನ್ನು ನೋಡಲು. ನನ್ನಂತೆಯೇ ಅದೇ ಕಂಪನಿಗೆ ಟೈಪು ಮಾಡುವ ಮೈಸೂರಿನ ಹೆಂಗಸು. ಗಂಡನಿಂದ ಬೇರೆಯಾಗಿ ವಿಶ್ವವಿದ್ಯಾಲಯದ ಹತ್ತಿರ ಒಂದೇ ಕೋಣೆಯಲ್ಲಿದ್ದಳು. ಮುಂದಿನ ಸಲ ಹೋದಾಗ ಐಸ್‌ಕ್ರೀಮಿನ ಕಥೆ ಹೇಳಿದೆ. ಅವಳು ನಗಲಿಲ್ಲ.

“ಬ್ಯಾಂಕಲ್ಲಿರೋ ದುಡ್ಡು ನಿಮ್ಮದಲ್ಲ ಕಣ್ರೀ. ನಿಮ್ಮದು ಅಂತ ಅವರು ಬರ್ಕೊಂಡಿದಾರೆ ಅಷ್ಟೆ,” ಎಂದಳು. ಆಮೇಲೆ ತನ್ನ ಫೋನು ತೆಗೆದು ತೋರಿಸಿದಳು.

ಕ್ರಿಪ್ಟೊ ಎಂದರೆ ಜೂಜು ಎಂದಷ್ಟೇ ನನಗೆ ಗೊತ್ತಿತ್ತು. ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ಇದು ಇಂಟರ್‌ನೆಟ್ಟಿನಲ್ಲಷ್ಟೇ ಇರುವ ದುಡ್ಡು, ಕಾಯಿನ್ನು ಎನ್ನುತ್ತಾರೆ. ಹೆಚ್ಚಿನ ಕಾಯಿನ್ನುಗಳ ವ್ಯವಹಾರ ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ಪುಸ್ತಕದಲ್ಲಿ ಇರುತ್ತದೆ. ಆದರೆ ಕೆಲವನ್ನು ಗುಟ್ಟಿಗಾಗಿಯೇ ಮಾಡಿದ್ದಾರೆ. ಯಾರು ಕಳಿಸಿದರು, ಯಾರಿಗೆ ಹೋಯಿತು, ಎಷ್ಟು, ಒಂದೂ ಹೊರಗಿನವರಿಗೆ ಕಾಣುವುದಿಲ್ಲ. ನಡುವೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಅರ್ಜಿಯಿಲ್ಲ. ದುಡ್ಡಿಡಲು ಫೋನಿನಲ್ಲಿ ಒಂದು ವಾಲೆಟ್ಟು, ಅದಕ್ಕೆ ಕೀಲಿಯಾಗಿ ಇಪ್ಪತ್ತೈದು ಇಂಗ್ಲಿಷ್ ಪದಗಳ ಒಂದು ಸಾಲು. ಆ ಪದಗಳು ಯಾರ ಹತ್ತಿರ ಇವೆಯೋ ದುಡ್ಡು ಅವರದು. ಪದ ಮರೆತರೆ ದೇವರು ಬಂದರೂ ವಾಪಸು ಸಿಗುವುದಿಲ್ಲ.

“ಬೆಲೆ ಏರತ್ತೆ ಅಂತ ಇಟ್ಕೋಬೇಡಿ. ಏರತ್ತೋ ಇಳಿಯತ್ತೋ ನಂಗೂ ಗೊತ್ತಿಲ್ಲ. ನಿಮ್ಮದು ಅಂತ ಒಂದು ಇರಲಿ ಅಂತ ಇಟ್ಕೊಳ್ಳಿ,” ಎಂದಳು.

ಆ ಮಾತಿಗೆ ನಾನು ಬಿದ್ದೆ. ಇಂದಿಗೂ ಆ ಮಾತು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ಕಂಪನಿಯ ಕೆಲಸದ ಜೊತೆಗೆ ಯುರೋಪಿನ ಒಬ್ಬ ಗಿರಾಕಿಗೆ ವಿಡಿಯೋಗಳ ಕೆಳಗಿನ ಸಾಲುಗಳನ್ನು ಬರೆದುಕೊಡಲು ಶುರು ಮಾಡಿದೆ. ದುಡ್ಡನ್ನು ಆ ಗುಟ್ಟಿನ ಕಾಯಿನ್ನಿನಲ್ಲೇ ಕೊಡುತ್ತೇನೆಂದು ಅವನು ಖುಷಿಯಿಂದ ಒಪ್ಪಿದ. ಇಪ್ಪತ್ತೈದು ಪದಗಳನ್ನು ಕಾಗದದ ಮೇಲೆ ಇಡಲು ಧೈರ್ಯವಾಗಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಆ ಪದಗಳನ್ನು ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಯಿಪಾಠ ಮಾಡಿದೆ. ಮೊದಲ ಸಲ ದುಡ್ಡು ಬಂದದ್ದು ಒಂದು ಮಧ್ಯಾಹ್ನ. ಗಂಡ ರಜೆಯ ಮೇಲೆ ಮನೆಯಲ್ಲೇ ಇದ್ದರು. ಅವರ ಫೋನು ಟೇಬಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನ ದುಡಿಮೆಗೆ ದುಡ್ಡು ಬಂದಿದೆ, ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ! ಎದ್ದುಹೋಗಿ ಅವರು ಕೇಳದಿದ್ದರೂ ಚಹಾ ಮಾಡಿಕೊಟ್ಟೆ.

ಸುಮಾರು ಎರಡು ವರ್ಷ ಹೀಗೆ ನಡೆಯಿತು. ಅದರಲ್ಲಿ ಒಂದು ಪೈಸೆಯನ್ನೂ ನಾನು ಖರ್ಚು ಮಾಡಲಿಲ್ಲ. ಇದೆ ಎನ್ನುವುದೇ ಸಾಕಾಗಿತ್ತು.

ಅಷ್ಟರಲ್ಲಿ ಅವ್ವನ ಹಲ್ಲುಗಳು ಒಂದೊಂದಾಗಿ ಹೋದವು. ಕೊನೆಗೆ ಮೇಲೆ ನಾಲ್ಕು, ಕೆಳಗೆ ಎರಡು ಉಳಿದವು. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿ ಅದ್ದಿ ಅಂಬಲಿಯಂತೆ ಮಾಡಿಕೊಂಡು ನುಂಗುತ್ತಿದ್ದಳು. ನಿವೃತ್ತರಾಗಿದ್ದ ಅಪ್ಪನಿಗೆ ಹೇಳಿದೆ. “ಈ ವಯಸ್ಸಿನಾಗ ಹಲ್ಲು ಕಟ್ಟಿಸ್ಕೊಂಡು ಏನ್ ಮಾಡಾಕಿ? ಕಬ್ಬು ತಿನ್ನಾಕಿನು?” ಎಂದರು. ಅಣ್ಣ ನೋಡೋಣ ಎಂದ. ಗಂಡನಿಗೆ ಹೇಳಿದ್ದರೆ ಕೊಡುತ್ತಿದ್ದರು, ಖಂಡಿತ ಕೊಡುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಅವ್ವನ ಹಲ್ಲು ನನ್ನ ದುಡ್ಡಿನದಾಗಬೇಕಿತ್ತು.

ಆದರೆ ಯಾರಿಗೂ ಕಾಣದ ದುಡ್ಡನ್ನು ಹಲ್ಲಿನ ಡಾಕ್ಟರು ತೆಗೆದುಕೊಳ್ಳುವುದಿಲ್ಲ. ಅದು ರೂಪಾಯಿ ಆಗಬೇಕು. ಅಂಥ ಕಾಯಿನ್ನುಗಳನ್ನು ಕೊಳ್ಳುವ ವೇದಿಕೆ ಯಾವುದೂ ಇಲ್ಲಿ ನನಗೆ ಸಿಗಲಿಲ್ಲ. ಗೆಳತಿ ದಾರಿ ತೋರಿಸಿದಳು. ಮೊದಲು ಇನ್ನೊಂದು ಕಾಯಿನ್ನಿಗೆ ಬದಲಿಸಿಕೊಳ್ಳುವುದು, ಅದನ್ನು ಜನರೇ ಜನರಿಗೆ ಮಾರುವ ಕಡೆ ಯಾರಿಗಾದರೂ ಮಾರುವುದು. ಕೊಂಡವನು ರೂಪಾಯಿಯನ್ನು ನನ್ನ ಖಾತೆಗೆ ಹಾಕುತ್ತಾನೆ. ಅದಕ್ಕೆಂದು ಸುಲ್ತಾನ್ ಬಜಾರಿನ ಕಡೆ, ಗುರುತಿನವರು ಯಾರೂ ಬಾರದ ಒಂದು ಶಾಖೆಯಲ್ಲಿ ನನ್ನೊಬ್ಬಳ ಹೆಸರಿನ ಖಾತೆ ತೆರೆದೆ. ಮುಖ ಗೊತ್ತಿಲ್ಲದ ಒಬ್ಬ ಮನುಷ್ಯ ಹತ್ತು ನಿಮಿಷದಲ್ಲಿ ಹಣ ಹಾಕಿದ. ನಾನು ಕಾಯಿನ್ನು ಬಿಟ್ಟುಕೊಟ್ಟೆ. ಮರುದಿನ ಅವ್ವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಂದೇ ಉಳಿದ ಹಲ್ಲು ಕಿತ್ತರು, ವಸಡು ವಾಸಿಯಾದ ಮೇಲೆ ಅಳತೆ ತೆಗೆಯಬೇಕೆಂದರು. ಮುಂಗಡ ಕೊಟ್ಟೆ. ಅವ್ವ ಆಟೋದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು.

“ಯಾರ ರೊಕ್ಕ ಇದು?” ಎಂದಳು ಸೆರಗಿನ ಒಳಗಿನಿಂದಲೇ.

“ನಂದು.”

“ಅಳಿಯಗ ಗೊತ್ತೈತೇನು?”

ನಾನು ಆಟೋದವನಿಗೆ ಮನೆಯ ತಿರುವು ತೋರಿಸಿದೆ.

ಎರಡನೇ ಕಂತು ಕೊಡಲು ಹೋದ ದಿನ ಹಣ ಹೋಗಲಿಲ್ಲ. ಬ್ಯಾಂಕಿಗೆ ಓಡಿದೆ. ಖಾತೆಯನ್ನು ತಡೆಹಿಡಿದಿದ್ದರು. ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಪತ್ರ ಬಂದಿತ್ತಂತೆ. ಅಲ್ಲಿ ಯಾರೋ ಒಬ್ಬ ಮುದುಕನಿಗೆ ಫೋನಿನಲ್ಲಿ ಮೋಸ ಮಾಡಿ ಎಳೆದ ಹಣ ನಾಲ್ಕು ಕೈ ದಾಟಿ, ನನ್ನಿಂದ ಕಾಯಿನ್ನು ಕೊಂಡವನ ಮೂಲಕ ನನಗೆ ಬಂದಿತ್ತು. ಆ ಮುದುಕ ಯಾರೋ ನನಗೆ ಗೊತ್ತಿಲ್ಲ. ಅವನ ಹಣದಲ್ಲಿ ನನ್ನ ಅವ್ವನ ಹಲ್ಲು ಕಿತ್ತಿದ್ದರು.

ಕೌಂಟರಿನ ಅಧಿಕಾರಿ ಕಾಗದ ತಿರುಗಿಸುತ್ತ ತೆಲುಗಿನಲ್ಲಿ, “ಮೀ ಸಾರ್ ಎಕ್ಕಡ?” ಎಂದು ಕೇಳಿದರು. ನಿಮ್ಮ ಸಾರ್, ಅಂದರೆ ಗಂಡ, ಎಲ್ಲಿ? ನನ್ನೊಬ್ಬಳ ಹೆಸರಿನ ಖಾತೆ, ನನ್ನ ಸಹಿ, ನನ್ನ ಫೋಟೋ ಅವರ ಕಂಪ್ಯೂಟರಿನಲ್ಲಿ ಇತ್ತು. ಆದರೂ ಸಾರ್ ಎಲ್ಲಿ.

ಗೆಳತಿಗೆ ಫೋನು ಮಾಡಿದೆ. ಅವಳ ದನಿ ಸಣ್ಣಗಾಯಿತು. “ನನ್ನ ಹೆಸರು ಮಾತ್ರ ಎಲ್ಲೂ ಹೇಳ್ಬೇಡಿ ಪ್ಲೀಸ್. ನಂಗೆ ಡೈವೋರ್ಸ್ ಕೇಸ್ ನಡೀತಿದೆ,” ಎಂದಳು. ಹೇಳುವುದಿಲ್ಲ ಎಂದೆ. ಹೇಳಲೂ ಇಲ್ಲ. ಆಮೇಲೆ ಅವಳು ನನ್ನ ಫೋನು ಎತ್ತುವುದನ್ನೇ ಬಿಟ್ಟಳು. ಒಂದು ತಿಂಗಳ ಮೇಲೆ ತಾರ್ನಾಕಕ್ಕೆ ಹೋದರೆ ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು.

ಪೊಲೀಸರ ನೋಟೀಸು ಅಂಚೆಯಲ್ಲಿ ಬಂತು, ಒಂದು ಶನಿವಾರ. ಗಂಡ ಬಾಗಿಲಲ್ಲಿ ನಿಂತೇ ಒಡೆದು ಓದಿದರು.

“ಇದೇನಿದು? ಯಾವ ಖಾತೆ ಇದು?”

ಕೂತು ಎಲ್ಲ ಹೇಳಿದೆ. ಅರ್ಧ ಗಂಟೆ ಹಿಡಿಯಿತು.

“ಎಷ್ಟು ದಿನದಿಂದ?”

“ಎರಡು ವರ್ಷ.”

“ನಾ ನಿನಗ ಏನರ ಬ್ಯಾಡ ಅಂದೀನೇನು? ಒಂದು ದಿನ ಅಂದೀನೇನು?”

“ಇಲ್ಲರಿ.”

“ಮತ್ತ ನನ್ನಿಂದ ಮುಚ್ಚಿಡೂದು ಏನಿತ್ತು?”

ನನ್ನ ಹತ್ತಿರ ಉತ್ತರ ಇತ್ತು, ಆದರೆ ಅದನ್ನು ಐಸ್‌ಕ್ರೀಂ ಎಂದು ಹೇಗೆ ಹೇಳುವುದು? ಅವರ ಕಣ್ಣಲ್ಲಿ ನೀರು ಬಂತು. ಆ ಕ್ಷಣದಿಂದ ನೊಂದವರು ಅವರಾದರು, ತಪ್ಪಿತಸ್ಥೆ ನಾನಾದೆ. ಇವತ್ತಿಗೂ ಹಾಗೇ ಇದೆ.

ರಜೆ ಹಾಕಿ ಎಲ್ಲವನ್ನೂ ಅವರೇ ನಿಭಾಯಿಸಿದರು. ವಕೀಲರನ್ನು ಹಿಡಿದರು, ಅರ್ಜಿ ಬರೆದರು, ಸಹಿ ಎಲ್ಲಿ ಹಾಕಬೇಕೆಂದು ನನಗೆ ಬೆರಳಿಟ್ಟು ತೋರಿಸಿದರು. ಇಲ್ಲಿನ ಸೈಬರ್ ಠಾಣೆಯಲ್ಲಿ ಹೇಳಿಕೆ ತೆಗೆದುಕೊಂಡ ಅಧಿಕಾರಿ ಸಭ್ಯ ಮನುಷ್ಯ. ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದು ಆಮೇಲೆ ಕೇಳಿದರು: “ಈ ಕಾಯಿನ್ನು ನಿಮಗೆ ಎಲ್ಲಿಂದ ಬಂತು? ಪುರಾವೆ ಏನಿದೆ?”

ಪುರಾವೆ. ಪುರಾವೆ ಉಳಿಯಬಾರದು ಎಂದೇ ತಾನೆ ಅದನ್ನು ಆರಿಸಿಕೊಂಡಿದ್ದು. ಎರಡು ವರ್ಷ ಬೆನ್ನು ಬಗ್ಗಿಸಿ ದುಡಿದದ್ದು ನನ್ನದೇ ಎಂದು ತೋರಿಸಲು ಗಿರಾಕಿಯ ಹಳೆಯ ಮೇಲ್‌ಗಳನ್ನು ಹುಡುಕಿ ಮುದ್ರಿಸಿದೆ. ವಾಲೆಟ್ಟಿನ ಒಳಗನ್ನು ಅವರ ಮುಂದೆ ತೆರೆದಿಟ್ಟೆ. ವಕೀಲರು ನೋಡಿದರು, ಅಧಿಕಾರಿ ನೋಡಿದರು, ಗಂಡ ಹೆಗಲ ಮೇಲಿಂದ ನೋಡಿದರು. “ತೆರಿಗೆ ಕಟ್ಟಿದ್ದೀರಾ?” ಎಂದು ವಕೀಲರು ಕೇಳಿದರು. ಕಟ್ಟಿರಲಿಲ್ಲ. ಅದು ನನ್ನ ತಪ್ಪು, ಆಮೇಲೆ ದಂಡದ ಸಮೇತ ಕಟ್ಟಿದೆವು. ಅದನ್ನೂ ಜಂಟಿ ಖಾತೆಯಿಂದ.

ಖಾತೆ ಬಿಡುಗಡೆಯಾಗಲು ಹನ್ನೊಂದು ತಿಂಗಳು ಹಿಡಿಯಿತು. ಆ ಮುದುಕನ ಪಾಲು ವಾಪಸು ಹೋಯಿತು. ಹೋಗಬೇಕಾದದ್ದೇ. ನನಗೆ ಮೋಸ ಮಾಡಿದವನು ಸಿಗಲಿಲ್ಲ.

ಈ ನಡುವೆ ಅವ್ವ ಬೊಚ್ಚು ಬಾಯಲ್ಲಿ ಕೂತಿದ್ದಳಲ್ಲ, ಹಲ್ಲಿನ ಉಳಿದ ದುಡ್ಡನ್ನು ಗಂಡ ಕಟ್ಟಿದರು. ಸೆಟ್ಟು ಹಾಕಿಸಿದ ದಿನ ಅವ್ವ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತಳು. ಮೂರು ವಾರಕ್ಕೆ ರೊಟ್ಟಿ ಅಗಿಯಲು ಕಲಿತಳು. ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತ, “ನಮ್ಮ ಅಳಿಯಾ ಮಾಡ್ಸಿದ್ದು ನೋಡ್ರಿ. ಹೊಟ್ಯಾಗ ಹುಟ್ಟಿದ ಮಗ ಮಾಡಲಿಲ್ಲ, ಭಾಳ ದೊಡ್ಡ ಮನಸ್ಸು ಅವರದು,” ಎನ್ನುತ್ತಾಳೆ. ಒಂದು ದಿನ ತಡೆಯಲಾಗದೆ, “ಮೊದಲ ಮಾಡಾಕ ಹೋದಾಕಿ ನಾನು,” ಎಂದೆ.

“ಹೌದವಾ. ಆದ್ರ ಅವರಿಗೆ ಪೊಲೀಸ್ ಠಾಣೆ ಕಾಣಿಸಿದಾಕಿನೂ ನೀನ,” ಎಂದಳು ಅವ್ವ.

ವಾಲೆಟ್ಟಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಎಲ್ಲ ತಣ್ಣಗಾದ ಮೇಲೆ ಗಂಡ ಒಂದು ಬಿಳಿ ಹಾಳೆ, ಪೆನ್ನು ತಂದು ಮುಂದಿಟ್ಟರು. “ಆ ಇಪ್ಪತ್ತೈದು ಶಬ್ದ ಬರದು ಕೊಡು. ನಾಳೆ ನಿನಗ ಏನರ ಆದ್ರ ಅಷ್ಟೂ ಮುಳುಗಿ ಹೋಗತೈತಿ.” ಮಾತು ಸರಿಯಾಗಿಯೇ ಇತ್ತು. ಬರೆದುಕೊಟ್ಟೆ. ಮರುದಿನ ಅವರು ಅದನ್ನು ಸ್ಟೇಶನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದರು, ನೀರು ಬಿದ್ದರೂ ಕೆಡಬಾರದು ಎಂದು. ಮೇಲೆ ಚಂದದ ಅಕ್ಷರದಲ್ಲಿ ನನ್ನ ಹೆಸರು ಬರೆಸಿದ್ದರು. ಜೀವವಿಮೆಯ ಕಾಗದಗಳ ಫೈಲಿನಲ್ಲಿ ಇಟ್ಟರು.

ಅವರು ಡ್ಯೂಟಿಗೆ ಹೋದ ಮೇಲೆ ನಾನು ಹೊಸ ವಾಲೆಟ್ಟು ತೆರೆದು ಎಲ್ಲವನ್ನೂ ಅದಕ್ಕೆ ಕಳಿಸಿದೆ. ಈಗ ಫೈಲಿನಲ್ಲಿರುವ ಪದಗಳಿಂದ ತೆರೆದರೆ ಸಿಗುವುದು ಸೊನ್ನೆ. ಹೊಸ ಇಪ್ಪತ್ತೈದು ಪದಗಳನ್ನು ಕಲಿಯಲು ಈ ಸಲ ಹೆಚ್ಚು ದಿನ ಹಿಡಿಯಿತು, ಹಳೆಯ ಪದಗಳು ನಡುವೆ ನುಗ್ಗುತ್ತಿದ್ದವು. ಇದರಿಂದ ಸಂತೋಷವೇನೂ ಆಗಲಿಲ್ಲ. ಅದನ್ನು ರೂಪಾಯಿ ಮಾಡುವ ಧೈರ್ಯ ನನಗೆ ಮತ್ತೆ ಬರುವುದಿಲ್ಲ ಎಂದು ಗೊತ್ತು. ಅವ್ವನಿಗಾಗಲಿ ನನಗಾಗಲಿ ಅದರಿಂದ ಏನೂ ಆಗುವುದಿಲ್ಲ. ನಾನು ಸತ್ತರೆ ಅದೂ ಸತ್ತಂತೆ. ಒಳ್ಳೆಯ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನೆ ಎಂದು ಕೆಲವು ದಿನ ಅನ್ನಿಸುತ್ತದೆ. ಅನ್ನಿಸಿದ ದಿನ ಆ ಫೈಲನ್ನು ತೆಗೆದು ನೋಡುತ್ತೇನೆ. ಪ್ಲಾಸ್ಟಿಕ್ಕಿನ ಒಳಗೆ ನನ್ನ ಪದಗಳು, ಅಂಗಡಿಯವನ ಅಕ್ಷರದಲ್ಲಿ ನನ್ನ ಹೆಸರು. ಆಗ ಆ ಭಾವನೆ ಹೋಗಿಬಿಡುತ್ತದೆ.