ಕೆಂಪಿಗೆ ತಣ್ಣೀರು

ಸರಳಾ ಯಾರನ್ನೂ ಏನನ್ನೂ ಕೇಳುವವಳಲ್ಲ. ಚನ್ನಗಿರಿಯಿಂದ ಮದುವೆಯಾಗಿ ದೆಹಲಿಗೆ ಬಂದವಳು ಹಿಂದಿ ಬಾರದೆಯೇ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡಿ ಗೆದ್ದಳು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿರುವ ಗಂಡ ಶಂಕರಪ್ಪನವರನ್ನು ಕೇಳದೆಯೇ ಮಯೂರ್ ವಿಹಾರ್‌ನ ನೆಲಮಹಡಿ ಫ್ಲಾಟಿನ ಹಿತ್ತಲಲ್ಲಿ ಕೋಳಿ ಸಾಕಿದಳು. ಮೇಲಿನ ಮನೆಯವಳಾದ ನನ್ನನ್ನಂತೂ ಕೇಳಲೇ ಇಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಈಗ ಅವು ಕೊಡುವ ಮೊಟ್ಟೆ ತಿಂದುಕೊಂಡು ಸುಮ್ಮನಿದ್ದೇನೆ.

ಇರುವ ಮೂರು ಕೋಳಿಗಳಲ್ಲಿ ಕೆಂಪಿ ಎಂಬುದು ಸರಳಾಳ ಮಗಳು ಸ್ಫೂರ್ತಿಯದು. ಸ್ಫೂರ್ತಿ ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಕೆಂಪಿಯ ಹತ್ತಿರ ಮಾತ್ರ ಕನ್ನಡ. ತನ್ನ ಕನ್ನಡ ಕೇಳಿ ಅದು ನಗುವುದಿಲ್ಲವಂತೆ.

ಜನವರಿಯಲ್ಲಿ ಕೆಂಪಿ ಕಾವಿಗೆ ಕೂತಿತು. ಮನೆಯಲ್ಲಿ ಹುಂಜವಿಲ್ಲ. ಇದ್ದ ಒಂದು ಹುಂಜ ಬೆಳಗಾಗುವ ಮುಂಚೆ ಕೂಗಿದ್ದಕ್ಕೆ ಸೊಸೈಟಿಯವರು ದಿನವಿಡೀ ಕೂಗಾಡಿ ಅದನ್ನು ಘಾಜಿಯಾಬಾದಿಗೆ ಸಾಗಹಾಕಿಸಿದ್ದರು. ಹುಂಜವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿ ಬರುವುದಿಲ್ಲ ಎಂದು ಕೋಳಿಗೆ ಯಾರು ಹೇಳಬೇಕು? ಮೊಟ್ಟೆ ತೆಗೆದರೆ ಬರೀ ಬುಟ್ಟಿಯಲ್ಲೇ ಕೂತಿತು. ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕಿತು. ಕಾಳು ನೀರು ಬಿಟ್ಟಿತು. ಕೆಂಪಗಿದ್ದ ಜುಟ್ಟು ಬಿಳಿಚಿಕೊಂಡು, ಎದೆಯ ಮೂಳೆ ಕೈಗೆ ಸಿಗತೊಡಗಿತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ಸರಳಾಗೆ ಗೊತ್ತಿತ್ತು. ಅಜ್ಜಿಯ ಮದ್ದೂ ಗೊತ್ತಿತ್ತು: ತಣ್ಣೀರಿನಲ್ಲಿ ಅದ್ದಿ ಬಿಸಿಲಿಗೆ ಬಿಟ್ಟರೆ ಕಾವು ಇಳಿಯುತ್ತದೆ.

ಸ್ಫೂರ್ತಿ ಬೇರೆ ಉಪಾಯ ಹೇಳಿದಳು. ಚಳಿಗಾಲದಲ್ಲಿ ಸುಮ್ಮನೆ ಬಿದ್ದಿರುವ ಕೂಲರ್ ಸ್ಟ್ಯಾಂಡಿನ ಮೇಲೆ ಹಣ್ಣಿನ ಕ್ರೇಟ್ ಇಟ್ಟು ಅದರಲ್ಲಿ ಕೂರಿಸೋಣ, ತಳದ ತೂತುಗಳಿಂದ ಗಾಳಿಯಾಡಿ ಹೊಟ್ಟೆ ತಾನೇ ತಣ್ಣಗಾಗುತ್ತದೆ ಎಂದಳು. ಮೊಬೈಲಿನಲ್ಲಿ ನೋಡಿದ್ದಳಂತೆ. ಮೊಬೈಲ್ ಎಂದರೆ ಸರಳಾಗೆ ಮೈಯೆಲ್ಲ ಉರಿ.

ಒಂದು ಭಾನುವಾರ ಬೆಳಿಗ್ಗೆ ಎದುರಿನ ಬ್ಲಾಕ್ ಕಾಣದಷ್ಟು ಮಂಜು. ಮೊಟ್ಟೆಗೆಂದು ನಾನು ಕೆಳಗಿಳಿದು ಹೋದಾಗ ಸರಳಾ ಬಕೆಟ್ ತುಂಬಿಸಿಟ್ಟು ಕೆಂಪಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು.

"ಅಮ್ಮಾ, ಮತ್ ಕರೋ. ಧೂಪ್ ಹೀ ನಹೀ ಹೈ," ಎಂದಳು ಸ್ಫೂರ್ತಿ, ಬೇಡ, ಬಿಸಿಲೇ ಇಲ್ಲ ಎಂದು ಆಕಾಶ ತೋರಿಸುತ್ತ.

"ಹುಟ್ಟಿದಾಗಿಂದ ಕೋಳಿ ನೋಡಿದೀನಿ. ನನಗೆ ಕಲಿಸ್ಬೇಡ."

ಅದ್ದಿಯೇ ಬಿಟ್ಟಳು, ಒಂದಲ್ಲ ಮೂರು ಸಲ. ಅಜ್ಜಿಯ ಮದ್ದಿನಲ್ಲಿ ಅರ್ಧ ಕೆಲಸ ಊರಿನ ಬಿಸಿಲೇ ಮಾಡುತ್ತಿತ್ತು ಎಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ನೆಲಕ್ಕೆ ಬಿಟ್ಟರೆ ಕೆಂಪಿ ನಡೆಯಲಿಲ್ಲ. ಗಡಗಡ ನಡುಗಿತು. ಆಮೇಲೆ ನಡುಕವೂ ನಿಂತು, ಕಣ್ಣು ಮುಚ್ಚಿ, ಕತ್ತು ಪಕ್ಕಕ್ಕೆ ವಾಲಿತು.

ಒಳಗೆ ತಂದು ಹೀಟರ್ ಮುಂದೆ ಮಲಗಿಸಿದೆವು. ಸ್ಫೂರ್ತಿ ಟವೆಲಿನಿಂದ ಒರೆಸಿದಳು, ಸರಳಾ ಕಾಲು ಉಜ್ಜಿದಳು, ನಾನು ಹೇರ್ ಡ್ರೈಯರ್ ಹಿಡಿದೆ. ಪುಕ್ಕ ಇನ್ನೂ ಹಸಿಯಿರುವಾಗಲೇ ಕರೆಂಟ್ ಹೋಯಿತು. ಹೀಟರಿನ ಕೆಂಪು ನಮ್ಮ ಕಣ್ಣೆದುರೇ ಆರಿತು. ಶಂಕರಪ್ಪನವರು ಓಡಿಹೋಗಿ ನೋಡಿ ಬಂದು ಇಡೀ ಬ್ಲಾಕಿಗೇ ಇಲ್ಲ ಎಂದರು. ಸರಳಾ ಗ್ಯಾಸ್ ಮೇಲೆ ನೀರು ಕಾಯಿಸಿ ಬಾಟಲಿಗೆ ತುಂಬಿಸಲು ಹೋಗಿ ಅರ್ಧ ಕಟ್ಟೆಯ ಮೇಲೆ ಚೆಲ್ಲಿದಳು.

ಸ್ಫೂರ್ತಿ ಯಾರ ಮುಖವನ್ನೂ ನೋಡಲಿಲ್ಲ. ಸ್ವೆಟರ್ ಎತ್ತಿ ಕೆಂಪಿಯನ್ನು ಒಳಗೆ ಎದೆಗೆ ಒತ್ತಿಕೊಂಡು, ರಜಾಯಿ ಹೊದ್ದು ಕೂತಳು. ಕೂತವಳು ಏಳಲಿಲ್ಲ. ಅಮ್ಮ ತಂದ ಬಿಸಿನೀರಿನ ಬಾಟಲಿ ತೆಗೆದುಕೊಂಡಳು, ಮಾತಾಡಲಿಲ್ಲ. ತಿಂಡಿ ತಂದರೆ ಬೇಡವೆಂದು ತಲೆಯಾಡಿಸಿದಳು. ಆ ಹಠ ಕೋಳಿಯದೋ ತಾಯಿಯದೋ, ದೇವರಿಗೇ ಗೊತ್ತು. ರಜಾಯಿಯೊಳಗಿಂದ "ಏಳೇ ಕೆಂಪಿ, ಏಳೇ" ಎನ್ನುವುದು ಮಾತ್ರ ಕೇಳುತ್ತಿತ್ತು. ಸರಳಾ ಬಾಗಿಲಿಗೆ ಒರಗಿ ಅದನ್ನು ಕೇಳುತ್ತ ನಿಂತಳು. ಈ ಕೋಳಿ ಸತ್ತರೆ ಮಗಳು ತನ್ನ ಹತ್ತಿರ ಇನ್ನು ಯಾವ ಭಾಷೆಯಲ್ಲೂ ಮಾತಾಡುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮಧ್ಯಾಹ್ನ ಮಂಜು ತೆಳುವಾಗುವ ಹೊತ್ತಿಗೆ ಸ್ವೆಟರಿನೊಳಗೆ ಏನೋ ಮಿಸುಕಿತು. ಕೆಂಪಿ ಕತ್ತು ಹೊರಗೆ ಹಾಕಿ ಸ್ಫೂರ್ತಿಯ ಗಲ್ಲ ಕುಕ್ಕಿತು. ಸರಳಾ ನೆಲದ ಮೇಲೆ ಕುಸಿದು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮೈ ಪೂರ್ತಿ ಒಣಗಿದ ಮೇಲೆ ಕೆಳಗೆ ಬಿಟ್ಟರೆ ಕೆಂಪಿ ಕಾಳಿನ ತಟ್ಟೆ ದಾಟಿಕೊಂಡು ತೂರಾಡುತ್ತ ಹಿತ್ತಲಿಗೆ ನಡೆದು, ಅದೇ ಖಾಲಿ ಬುಟ್ಟಿಯಲ್ಲಿ ಕೂತಿತು. ಸತ್ತು ಬದುಕಿದರೂ ಕಾವು ಇಳಿದಿರಲಿಲ್ಲ. ಶಂಕರಪ್ಪನವರು ನಗಲು ಹೋಗಿ ಹೆಂಡತಿಯ ಮುಖ ನೋಡಿ ಸುಮ್ಮನಾದರು.

ಸರಳಾ ಬಹಳ ಹೊತ್ತು ಬುಟ್ಟಿಯನ್ನೇ ನೋಡಿದಳು. ಬಕೆಟ್ಟಿನಲ್ಲಿದ್ದ ನೀರನ್ನು ತುಳಸಿ ಬುಡಕ್ಕೆ ಸುರಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಆ ಕ್ರೇಟು ಹೇಗಿಡ್ಬೇಕು, ಹೇಳೇ?"

ಸ್ಫೂರ್ತಿ ಅಮ್ಮನನ್ನೇ ನೋಡಿದಳು. ಹೋಗಿ ಕ್ರೇಟ್ ಎತ್ತಿಕೊಂಡು ಬಂದಳು.

"ಸ್ಟ್ಯಾಂಡ್ ಆ ಕಡೆ ನೀನು ಹಿಡ್ಕೋ," ಎಂದಳು ಸ್ಫೂರ್ತಿ, ಕನ್ನಡದಲ್ಲೇ.

ಸರಳಾ ಹೋಗಿ ಹಿಡಿದುಕೊಂಡಳು.